ಚೀಟಿಯಲ್ಲಿ ಬಂದ ಪಕ್ಷ

ಚುನಾವಣಾ ಡ್ಯೂಟಿ ಮಾಡಿದ ಮೇಷ್ಟ್ರುಗಳಿಗೆಲ್ಲ ಗೊತ್ತಿರುವ ವಾಸನೆಯೊಂದಿದೆ. ಮತದಾನ ಮುಗಿದು, ಏಜೆಂಟರು ಸಹಿ ಹಾಕಿದ ಮೇಲೆ, ಲಕೋಟೆಗಳಿಗೆ ಮುದ್ರೆ ಒತ್ತಲು ಮೇಣದಬತ್ತಿಯ ಉರಿಗೆ ಅರಗಿನ ಕಡ್ಡಿ ಹಿಡಿದಾಗ ಏಳುವ ವಾಸನೆ. ಈ ಸಲ ನನ್ನನ್ನು ಶಿವಮೊಗ್ಗದ ಒಂದು ಮತಗಟ್ಟೆಗೆ ಹಾಕಿದ್ದರು. ಕೆಂಪು ಅರಗು ಲಕೋಟೆಯ ಮೇಲೆ ತೊಟ್ಟಿಕ್ಕುತ್ತಿದ್ದಾಗ ಪಕ್ಕದವರು ಏನೋ ಕೇಳಿದರು. ನನಗೆ ಕೇಳಿಸಲಿಲ್ಲ. ನಾನು ಆಗಲೇ ಭದ್ರಾವತಿಯ ಹೈಸ್ಕೂಲಿನಲ್ಲಿ, ಒಂಬತ್ತನೇ ಕ್ಲಾಸಿನ ಕಿಟಕಿ ಪಕ್ಕದ ಬೆಂಚಿನಲ್ಲಿ ಕೂತುಬಿಟ್ಟಿದ್ದೆ...

ಅಲ್ಲಿ ನಮಗೆ ಸಮಾಜ ವಿಜ್ಞಾನ ಹೇಳುತ್ತಿದ್ದ ಮೇಷ್ಟ್ರ ಮೇಜಿನ ಖಾನೆಯಲ್ಲಿ ಯಾವಾಗಲೂ ಅರಗಿನ ಚೂರುಗಳಿರುತ್ತಿದ್ದವು. ಚುನಾವಣೆಯಲ್ಲಿ ಮಿಕ್ಕಿದ್ದನ್ನು ಅವರು ಜೋಪಾನವಾಗಿ ತಂದಿಟ್ಟುಕೊಳ್ಳುತ್ತಿದ್ದರು. ಪ್ರತಿ ಶನಿವಾರ ನಮ್ಮ ಕ್ಲಾಸಿನಲ್ಲಿ ಚರ್ಚೆ. ಸೋಮವಾರವೇ ಒಂದು ಲಕೋಟೆ ಬರುತ್ತಿತ್ತು, ಅದರೊಳಗೆ 'ಪರ', 'ವಿರೋಧ' ಎಂದು ಬರೆದ ಚೀಟಿಗಳು, ಬಾಯಿಗೆ ಅರಗಿನ ಮುದ್ರೆ. ಎಲ್ಲರೆದುರು ಮುದ್ರೆ ಒಡೆದು ಚೀಟಿ ಎತ್ತಿಸುವರು. ಕೈಗೆ ಬಂದ ಪಕ್ಷವನ್ನೇ ವಾದಿಸಬೇಕು, ಒಲ್ಲೆ ಅನ್ನುವ ಹಾಗಿಲ್ಲ. ನಿಮ್ಮ ಅಭಿಪ್ರಾಯ ಏನು ಸಾರ್ ಎಂದು ನಾವು ಕೇಳಿದರೆ, "ನಿಮ್ಮೆಲ್ಲರದ್ದೂ ಮುಗೀಲಿ, ಆಮೇಲೆ ನಂದು" ಅನ್ನುತ್ತಿದ್ದರು. ನಮ್ಮದು ಯಾವತ್ತೂ ಮುಗಿಯಲಿಲ್ಲ.

ಹೇಳದವರ ಅಭಿಪ್ರಾಯವನ್ನು ಊರು ತಾನೇ ಹೇಳುತ್ತದೆ. ಚಳಿಗಾಲದಲ್ಲಿ ಅವರು ಹೆಂಡತಿ ಹೆಣೆದುಕೊಟ್ಟ ಕೆಂಪು ಸ್ವೆಟರ್ ಹಾಕುತ್ತಿದ್ದರು. ಹಣೆಯ ಮೇಲೆ ವಿಭೂತಿ. ಸ್ವೆಟರ್ ನೋಡಿದವರು ಇವರು ಕಮ್ಯುನಿಸ್ಟ್ ಅಂದರು, ವಿಭೂತಿ ನೋಡಿದವರು ಇನ್ನೊಂದು ಪಕ್ಷಕ್ಕೆ ಸೇರಿಸಿದರು. ಎರಡನ್ನೂ ಒಟ್ಟಿಗೆ ನೋಡುವ ಪುರುಸೊತ್ತು ಯಾರಿಗೂ ಇರಲಿಲ್ಲ. ಒಂದು ವಿಷಯದಲ್ಲಿ ಮಾತ್ರ ಊರೆಲ್ಲ ಒಮ್ಮತ, ಈ ಮೇಷ್ಟ್ರಿಗೆ ಪಾಠ ಮಾಡಲು ಬರುವುದಿಲ್ಲ. ಯಾಕೆಂದರೆ ಅವರು ನೋಟ್ಸ್ ಕೊಡುತ್ತಿರಲಿಲ್ಲ. ನಮ್ಮ ಕಡೆ ಮೇಷ್ಟ್ರನ್ನು ಅಳೆಯುವುದು ಮಕ್ಕಳ ನೋಟ್‌ಬುಕ್ಕಿನ ತೂಕದಿಂದ. ನಮ್ಮ ಪುಸ್ತಕದಲ್ಲಿ ಎಡಪುಟಕ್ಕೆ ನಾಲ್ಕು ಸಾಲು ಪರ, ಬಲಪುಟಕ್ಕೆ ನಾಲ್ಕು ಸಾಲು ವಿರೋಧ, ಅಷ್ಟೇ. ಅದನ್ನು ನೋಡಿ ಅಮ್ಮ, ಸಂಬಳ ಎಣಿಸಿಕೊಳ್ಳೋಕೆ ಬರ್ತಾರೇನೋ ಅಂದಿದ್ದಳು.

ಒಂದು ಸೋಮವಾರ ಬಂದ ವಿಷಯ, ಮುಷ್ಕರ ಬೇಕೇ ಬೇಡವೇ. ನನ್ನ ಚೀಟಿಯಲ್ಲಿ 'ವಿರೋಧ' ಇತ್ತು. ನಮ್ಮಪ್ಪ ಕಾರ್ಖಾನೆಯ ಯೂನಿಯನ್ನಿನಲ್ಲಿ ಮುಂದೆ ನಿಲ್ಲುವ ಆಳು. ಕ್ವಾರ್ಟರ್ಸಿನಲ್ಲಿ ನಮಗೂ ಪಕ್ಕದ ಮನೆಗೂ ಒಂದೇ ಗೋಡೆ. ಆ ಕಡೆ ನನ್ನ ಗೆಳತಿ, ಮನೆಯಲ್ಲಿ ತಮಿಳು ಮಾತಾಡುವವಳು. ಅವಳಪ್ಪ ಸೂಪರ್‌ವೈಸರ್, ಮುಷ್ಕರ ಅಂದರೆ ಮೈಯೆಲ್ಲ ಉರಿ. ಅವಳಿಗೆ ಬಂದದ್ದು 'ಪರ'! ವಾರವಿಡೀ ನಾವಿಬ್ಬರೂ ನಮ್ಮ ನಮ್ಮ ಮನೆಯಲ್ಲಿ ಕನ್ನಡಿ ಮುಂದೆ ನಿಂತು ಬಾಯಿಪಾಠ ಮಾಡಿದೆವು. ಸಂಜೆಯ ಬಿಸಿಲು ಚಿಮಣಿ ಹೊಗೆಯಲ್ಲಿ ಸೋಸಿಕೊಂಡು ತೆಳ್ಳಗೆ ಒಳಗೆ ಬರುತ್ತಿತ್ತು. ಮುಷ್ಕರದಿಂದ ಕೆಡುವುದು ಕಾರ್ಮಿಕನ ಮನೆಯೇ ಎಂದು ನಾನು ಕೈಯೆತ್ತಿ ಹೇಳುತ್ತಿದ್ದೆ. ನನ್ನದೇ ದನಿ ನನಗೆ ಎಷ್ಟು ಚೆನ್ನಾಗಿ ಕೇಳಿಸುತ್ತಿತ್ತೆಂದರೆ, ಶಿಫ್ಟ್ ಮುಗಿಸಿ ಬಂದ ಅಪ್ಪ ಬಾಗಿಲಲ್ಲೇ ನಿಂತದ್ದು ಗೊತ್ತಾಗಲಿಲ್ಲ...

ಅಪ್ಪ ನನ್ನನ್ನು ಬೈಯಲಿಲ್ಲ. ಮೇಷ್ಟ್ರು ಮ್ಯಾನೇಜ್‌ಮೆಂಟಿನ ಕಡೆಯವನು ಎಂದು ತೀರ್ಮಾನಿಸಿದ. ಗೋಡೆಯ ಆಚೆ ಗೆಳತಿಯ ಅಪ್ಪನೂ ಅದೇ ವಾರ, ಮೇಷ್ಟ್ರು ಕೆಂಪು ಬಾವುಟದವನು ಎಂದು ತೀರ್ಮಾನಿಸಿದ್ದರು. ಹತ್ತು ವರ್ಷ ಒಂದು ಮಾತಿಗೂ ಒಪ್ಪದ ಇಬ್ಬರೂ ಒಂದೇ ಅರ್ಜಿಗೆ ಸಹಿ ಹಾಕಿದರು. ಮಕ್ಕಳ ತಲೆಗೆ ರಾಜಕೀಯ ತುಂಬುತ್ತಾರೆ, ಪಾಠ ಮಾಡಲು ಬರುವುದಿಲ್ಲ ಎಂದು ಅರ್ಜಿ. ಯಾವ ರಾಜಕೀಯ ಎಂದು ಬರೆದಿರಲಿಲ್ಲ. ಈಗ ನೆನೆದರೆ ನಗು ಬರುತ್ತದೆ, ನಗು ಬಂದದ್ದಕ್ಕೆ ನಾಚಿಕೆಯೂ ಆಗುತ್ತದೆ.

ವಿಚಾರಣೆಗೆ ಇಲಾಖೆಯ ಸಾಹೇಬರು ಬಂದರು. ಮೇಷ್ಟ್ರು ಚೀಟಿ, ಲಕೋಟೆ, ಅರಗು ಎಲ್ಲ ತೋರಿಸಿದರಂತೆ. ಚೀಟಿ ಎತ್ತಿ ಪಾಠ ಮಾಡ್ತೀರಾ ಎಂದು ಸಾಹೇಬರು ನಕ್ಕರಂತೆ. ಆಗ ಮೇಷ್ಟ್ರೇ ಹೇಳಿದರಂತೆ, ನನ್ನ ಮಾತು ಬೇಡ ಸಾರ್, ಮಕ್ಕಳನ್ನೇ ಕರೆದು ಕೇಳಿ ಎಂದು. ಇದೆಲ್ಲ ಆಮೇಲೆ ಗುಮಾಸ್ತರು ಹೇಳಿದ್ದು. ನಾನು ಒಳಗೆ ಹೋದಾಗ ಮೇಷ್ಟ್ರು ಗೋಡೆ ಪಕ್ಕ ನಿಂತಿದ್ದರು. ನನ್ನನ್ನು ನೋಡಿ ಅವರ ಮುಖ ನಿರಾಳವಾಯಿತು. ಬಾಗಿಲ ಹೊರಗೆ ಅಪ್ಪ ನಿಂತಿದ್ದ.

"ಮುಷ್ಕರ ಮಾಡಬಾರದು ಅಂತ ಮಾತಾಡೋಕೆ ಇವರೇ ಹೇಳಿದ್ರೇನಮ್ಮ?"

"ಹೌದು ಸಾರ್."

ಚೀಟಿಯಲ್ಲಿ ಬಂದಿದ್ದು ಸಾರ್, ಅವಳಿಗೆ ಉಲ್ಟಾ ಬಂದಿತ್ತು ಸಾರ್ ಎಂಬ ಮಾತು ಗಂಟಲಲ್ಲೇ ಇತ್ತು. ಹೇಳಿದರೆ ಅಷ್ಟು ಜನರ ಮುಂದೆ ನಮ್ಮಪ್ಪ ಪೆದ್ದನಾಗುತ್ತಾನೆ ಅನ್ನಿಸಿತು. ನುಂಗಿಕೊಂಡೆ. ನನ್ನ ನಂತರ ಗೆಳತಿ ಹೋದಳು. ಅವಳೂ ಹೌದು ಎಂದಷ್ಟೇ ಹೇಳಿ ಬಂದಳು.

ನಿವೃತ್ತಿಗೆ ಎರಡು ವರ್ಷವಿದ್ದ ಮೇಷ್ಟ್ರನ್ನು ಹೊಳೆಹೊನ್ನೂರಿನಿಂದಾಚೆಯ ಒಂದು ಶಾಲೆಗೆ ಹಾಕಿದರು. ಹೊಸಬರು ಬಂದು ದಪ್ಪ ನೋಟ್ಸ್ ಕೊಟ್ಟರು. ಎಲ್ಲರಿಗೂ ಸಮಾಧಾನವಾಯಿತು.

ಮುಂದೆ ನಾನು ಶಂಕರಘಟ್ಟದಲ್ಲಿ ಎಂ.ಎ. ಓದುವಾಗ ಒಂದು ಬೆಳಿಗ್ಗೆ ಬಸ್ಸಿನಲ್ಲಿ ಅವರನ್ನು ಕಂಡೆ. ಮುಂದಿನ ಸೀಟು, ಮಾಸಿದ ಅದೇ ಕೆಂಪು ಸ್ವೆಟರ್. ಕಿಟಕಿಯಾಚೆ ಮಂಜು, ಗದ್ದೆ, ಮತ್ತೆ ಮಂಜು... ಹೇಳದೆ ಬಿಟ್ಟ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಾ ಕೂತೆ. ಮುಂದಿನ ಸ್ಟಾಪಿನಲ್ಲಿ ಎದ್ದು ಹೋಗ್ತೀನಿ, ಅದರ ಮುಂದಿನದರಲ್ಲಿ ಹೋಗ್ತೀನಿ ಅಂದುಕೊಳ್ಳುವಷ್ಟರಲ್ಲಿ ಅವರು ಇಳಿದು ಮಂಜಿನೊಳಗೆ ನಡೆದುಬಿಟ್ಟರು. ಮೂರು ವರ್ಷದ ಹಿಂದೆ ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಪರೀಕ್ಷೆಯ ಪೇಪರು ತಿದ್ದುತ್ತಿದ್ದೆ. ಪೆನ್ನು ಮುಚ್ಚಿಟ್ಟೆ. ಅಳು ಬಂತು. ಅವರಿಗಾಗಿಯೋ, ನನಗಾಗಿಯೋ ಗೊತ್ತಾಗಲಿಲ್ಲ.

ಈಗ ನಾನೂ ಸಮಾಜದ ಟೀಚರ್. ನನ್ನ ಸೀರೆಯ ಬಣ್ಣ ನೋಡಿ ನನ್ನ ಪಕ್ಷ ಹೇಳುವವರು ಸ್ಟಾಫ್‌ರೂಮಿನಲ್ಲೇ ಇದ್ದಾರೆ. ಅಪ್ಪ ಸವಳಂಗ ರಸ್ತೆಯ ನಮ್ಮ ಮನೆಯಲ್ಲಿ ನನ್ನ ಜೊತೆಗಿದ್ದಾನೆ, ಬೆಳಿಗ್ಗೆ ಮೂರು ಪೇಪರ್ ಓದುತ್ತಾನೆ. ಮತದಾನದ ಮಾರನೆಯ ಬೆಳಿಗ್ಗೆ ಕಾಫಿ ಕೊಟ್ಟು ಎದುರಿಗೆ ಕೂತೆ. ಅವತ್ತು ಸಾಹೇಬರ ಮುಂದೆ ಅರ್ಧ ಮಾತಾಡಿ ಬಂದದ್ದನ್ನೆಲ್ಲ ಹೇಳಿದೆ. ಆಮೇಲೆ ಒಂದು ಪ್ರಶ್ನೆ ಕೇಳಿದೆ. ನೀನು ಮೇಷ್ಟ್ರನ್ನ ಮ್ಯಾನೇಜ್‌ಮೆಂಟ್ ಕಡೆಯವನು ಅಂತಿದ್ದೆ, ಪಕ್ಕದ ಮನೆಯವರು ಕಮ್ಯುನಿಸ್ಟ್ ಅಂತಿದ್ದರು. ಒಂದೇ ಅರ್ಜಿಗೆ ಸಹಿ ಹಾಕುವಾಗ ನಿಮಗೆ ಏನೂ ಅನ್ನಿಸಲಿಲ್ಲವಾ?

ಅಪ್ಪ ಪೇಪರು ಮಡಚಿ ತೊಡೆಯ ಮೇಲಿಟ್ಟುಕೊಂಡ.

"ಅರ್ಥ ಆಗಿತ್ತು ಕಣೆ. ಪಕ್ಕದ ಮನೆಯವನು ಮೇಷ್ಟ್ರನ್ನ ಕಮ್ಯುನಿಸ್ಟ್ ಅಂದ ತಕ್ಷಣಾನೇ ಅರ್ಥ ಆಯ್ತು. ಅಷ್ಟೊತ್ತಿಗೆ ನಾನು ಸೈನ್ ಮಾಡಿ ಆಗಿತ್ತು."

ರಸ್ತೆಯಲ್ಲಿ ಬಸ್ಸುಗಳು ಹೋಗುತ್ತಿದ್ದವು. ಅಪ್ಪ ಕಾಫಿ ಮುಟ್ಟಲಿಲ್ಲ. ಕೆನೆ ಕಟ್ಟಿದ ಲೋಟವನ್ನೇ ನೋಡುತ್ತಿದ್ದವನು, ಮೊದಲ ಬಸ್ಸಿಗೆ ಹೊರಟವನ ಹಾಗೆ ಎದ್ದು ನಿಂತ.

"ನಡಿ, ಇಬ್ಬರೂ ಹೋಗಿ ತಪ್ಪಾಯ್ತು ಅಂತ ಹೇಳಿ ಬರೋಣ. ಎಲ್ಲಿದಾರೆ ಈಗ ಅವ್ರು?"

ಅವರು ಹೋಗಿ ಮೂರು ವರ್ಷ ಆಯ್ತಪ್ಪ, ಎಂದೆ.