ಕಲ್ಲಿನ ಮೇಲಿನ ಸುಣ್ಣ

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಮೊನ್ನೆ ಒಂದು ಮದುವೆಮನೆಯಲ್ಲಿ ಯಾರೋ ಎಲೆಗೆ ಸುಣ್ಣ ಹಚ್ಚಿ, ಬೆರಳಲ್ಲಿ ಉಳಿದದ್ದನ್ನು ಕಂಬಕ್ಕೆ ಒರೆಸಿದರು. ಆ ವಾಸನೆಗೆ ಶಾಲೆಯ ದಿನಗಳ ಆ ಹೊತ್ತು ಮತ್ತೆ ಎದುರು ಬಂದು ನಿಂತಿತು...

ಅರುವತ್ತರ ದಶಕದ ಆರಂಭ. ಆಲೆಟ್ಟಿ ಕಡೆಯ ನಮ್ಮ ಶಾಲೆಯಲ್ಲಿ ನಾನು ಏಳನೆಯ ತರಗತಿ. ಅಂದು ಶುಕ್ರವಾರ, ಟೀಚರ್ ಕತೆ ಹೇಳುತ್ತಿದ್ದರು. ಅವರೇ ನೋಟ್ ಪುಸ್ತಕದಲ್ಲಿ ಬರೆದದ್ದು. ಶುಕ್ರಗ್ರಹದಿಂದ ಬಂದ ಪತ್ತೇದಾರಿ ಹೆಂಗಸಿನ ಕತೆ. ಎಂತಹ ರಾಕ್ಷಸ ಸಿಕ್ಕಿದರೂ ಅವಳ ಮೊದಲ ಪ್ರಶ್ನೆ ಒಂದೇ: "ಎಂತ ತಿಂದದ್ದು ನೀನು?" ತಿನ್ನುವವರು ಗುರುತು ಬಿಟ್ಟೇ ಹೋಗುತ್ತಾರೆ ಎಂದು ಅವಳ ನಂಬಿಕೆ. ಆಗಲೇ, ಸರಿಯಾಗಿ ಮೂರು ಹತ್ತಕ್ಕೆ, ಹಂಚು ಒಡೆದು ಒಂದು ಕಲ್ಲು ನನ್ನ ಕೈಯಿಂದ ಗೇಣು ದೂರದಲ್ಲಿ ಬಿತ್ತು.

ಸೋಮವಾರ, ಮಂಗಳವಾರವೂ ಅದೇ ಹೊತ್ತಿಗೆ ಕಲ್ಲು ಬಿತ್ತು. ಶಾಲೆಗೆ ಕಟ್ಟಡ ಬಿಟ್ಟುಕೊಟ್ಟಿದ್ದ ಧನಿಗಳು ಅಂದು ಸಂಜೆ ಬಂದು ಜಗಲಿಯಲ್ಲಿ ಕುಳಿತರು. "ಇದು ಭೂತದ ಉಪದ್ರ ಮಾರಾಯ್ರೆ. ಹೆಣ್ಣುಮಕ್ಕಳಿಗೆ ಗ್ರಹದ ಕತೆ ಹೇಳಿದರೆ ಕಲ್ಲಲ್ಲದೆ ಮಲ್ಲಿಗೆ ಬೀಳುದಾ?" ಅವರಿಗೆ ಕೊಬ್ಬರಿ ಇಡಲು ಆ ಕಟ್ಟಡ ವಾಪಸು ಬೇಕಿತ್ತೆಂದು ಊರಿಗೆಲ್ಲ ಗೊತ್ತಿತ್ತು. ಹೇಳುವವರು ಇರಲಿಲ್ಲ. ಇನ್ನೊಂದು ಕಲ್ಲು ಬಿದ್ದರೆ ಶಾಲೆ ಬಿಡಿಸುವುದಾಗಿ ಅಪ್ಪ ನನಗೆ ಹೇಳಿಯಾಗಿತ್ತು.

ಬುಧವಾರ ಮೂರು ಗಂಟೆಗೆ ಟೀಚರ್ ನಮ್ಮನ್ನು ಬೆಂಚಿನಡಿ ಕೂರಿಸಿ ತಾವು ಅಂಗಳದಲ್ಲಿ ಹೋಗಿ ನಿಂತರು. ನಾನು ಕಿಟಕಿಯಿಂದ ನೋಡಿದೆ. ಗುಡ್ಡೆಯ ಕಡೆಯಿಂದ ಬಂದ ಕಲ್ಲು ಅವರ ಹಣೆ ಸವರಿತು. ರಕ್ತ ಹುಬ್ಬಿನವರೆಗೆ ಇಳಿದರೂ ಅವರು ಓಡಲಿಲ್ಲ. ಬಗ್ಗಿ ಕಲ್ಲು ಹೆಕ್ಕಿ, ತಿರುಗಿಸಿ ನೋಡಿ, ನನ್ನನ್ನು ಕರೆದರು. ಕಲ್ಲಿನ ಮೇಲೆ ಹೆಬ್ಬೆರಳಗಲದ ಬಿಳಿ ಗುರುತು, ನಡುವೆ ಒಂದು ಸೀಳು.

"ಭೂತ ಎಂತ ತಿಂದದ್ದು, ಹೇಳು?"

"ಎಲೆ ಅಡಿಕೆ, ಟೀಚರ್."

"ಹೌದಾ? ಅದರ ಹೆಬ್ಬೆರಳಿಗೆ ಕತ್ತಿಯೂ ತಾಗಿದ್ದುಂಟು ನೋಡು."

ಮರುದಿನ ಅಪ್ಪ ನನ್ನ ಹೆಸರು ತೆಗೆಸಲೆಂದೇ ಬಂದರು. ಟೀಚರ್ ಧನಿಗಳಿಗೂ ಹೇಳಿಕಳುಹಿಸಿದ್ದರು. ಹಣೆಗೆ ಪಟ್ಟಿ ಕಟ್ಟಿಕೊಂಡೇ ಎಲೆ ಅಡಿಕೆಯ ತಟ್ಟೆ ತಂದಿಟ್ಟರು. ಧನಿಗಳು ಸುಣ್ಣ ಹಚ್ಚಿ, ಅಭ್ಯಾಸದಂತೆ ಹೆಬ್ಬೆರಳನ್ನು ಕಂಬಕ್ಕೆ ಒರೆಸಿದರು. ಟೀಚರ್ ಆ ಕಲ್ಲನ್ನು ಕಂಬದ ಪಕ್ಕ ಹಿಡಿದರು. ಅದೇ ಅಗಲ, ಅದೇ ಸೀಳು.

"ಇನ್ನೊಂದು ಎಲೆ ತೆಗೊಳ್ಳಿ ಧನಿಗಳೇ," ಎಂದರು.

ಧನಿಗಳು ಚಪ್ಪಲಿ ಬಿಟ್ಟೇ ಅಂಗಳ ದಾಟಿದರು. ಅಪ್ಪ ಕಂಬದ ಮೇಲಿನ ಗುರುತನ್ನು ಬೆರಳಲ್ಲಿ ಮುಟ್ಟಿ ನೋಡಿ, "ನಾಳೆ ಶಾಲೆಗೆ ಬೇಗ ಹೊರಡು," ಎಂದರು ನನಗೆ.

ವರ್ಷ ಮುಗಿಯುವ ಮೊದಲೇ ಟೀಚರಿಗೆ ಸಂಪಾಜೆ ಕಡೆಗೆ ವರ್ಗವಾಯಿತು. ಯಾರ ಕೈವಾಡವೆಂದು ಯಾರೂ ಕೇಳಲಿಲ್ಲ. ನೋಟ್ ಪುಸ್ತಕವೂ ಅವರ ಜೊತೆ ಹೋಯಿತು. ಶುಕ್ರಗ್ರಹದವಳು ಮನೆ ಮುಟ್ಟಿದಳೋ ಇಲ್ಲವೋ... ನಾನು ಕಾಲೇಜು ಮುಗಿಸಿದ್ದನ್ನು ಅವರಿಗೆ ಹೇಳಬೇಕೆಂದು ಹೊರಟಾಗ, ಅವರು ತೀರಿಕೊಂಡು ಎರಡು ವರ್ಷವಾಗಿತ್ತು.

ಈಗಲೂ ಹಂಚಿನ ಮೇಲೆ ತೆಂಗಿನ ಗರಿ ಬಿದ್ದರೆ ಸಾಕು, ಮೊದಲು ಕಣ್ಣು ಗಡಿಯಾರಕ್ಕೆ ಹೋಗುತ್ತದೆ. ಆದರೂ ಬೆಂಚಿನಡಿ ಕೂರುವುದಿಲ್ಲ. ಬಾಗಿಲು ತೆರೆದು ಹೊರಗೆ ಹೋಗಿ, ಬಿದ್ದದ್ದನ್ನು ಹೆಕ್ಕಿ ತಿರುಗಿಸಿ ನೋಡುತ್ತೇನೆ. ಆ ಶುಕ್ರವಾರದಿಂದ ಆರು ರಾತ್ರಿ ಮನೆಯ ಹಂಚಿನ ಮಾಡನ್ನೇ ನೋಡುತ್ತ ಮಲಗಿದ್ದವಳು ನಾನು. ಧನಿಗಳ ಚಪ್ಪಲಿ ನಮ್ಮ ಶಾಲೆಯ ಮೆಟ್ಟಿಲಲ್ಲಿ ಉಳಿದ ಆ ಗುರುವಾರ, ಬೆಳಗಿನವರೆಗೆ ನಿದ್ದೆ ಮಾಡಿದೆ.