ಬತ್ತಿದ ಬಾವಿಗಳನ್ನು ಬಿಡದವರು

ಅವರ ಎಡಗೆನ್ನೆಯ ಮೇಲೆ ಯಾವಾಗಲೂ ತುಕ್ಕಿನದೊಂದು ಅರ್ಧ ಬಳೆ ಅಂಟಿರುತ್ತಿತ್ತು. ಕೊಳವೆಬಾವಿಯ ಕಬ್ಬಿಣದ ಬಾಯಿಗೆ ಕಿವಿಗೊಟ್ಟು, ಸಣ್ಣ ಕಲ್ಲೊಂದನ್ನು ಒಳಗೆ ಬಿಟ್ಟು, ಅದು ನೀರು ಮುಟ್ಟುವ ಸದ್ದಿಗೆ ಕಾಯುವಾಗ ಆಗುತ್ತಿದ್ದ ಗುರುತು ಅದು. ಅಳತೆಯ ಟೇಪು ಇಳಿಸುವುದು ಆಮೇಲೆ. ಅವರ ಅಂದಾಜಿಗೂ ಟೇಪಿಗೂ ಒಂದು ಮಾರಿಗಿಂತ ಹೆಚ್ಚು ವ್ಯತ್ಯಾಸ ಬಂದದ್ದನ್ನು ನಾನು ಕಂಡಿಲ್ಲ.

ನಾನು ಅಂತರ್ಜಲ ಕಚೇರಿಗೆ ಭೂವಿಜ್ಞಾನಿಯಾಗಿ ಸೇರಿದಾಗ ಅವರ ನಿವೃತ್ತಿಗೆ ನಾಲ್ಕೈದು ವರ್ಷ ಉಳಿದಿತ್ತು. ಹುದ್ದೆಯಲ್ಲಿ ನನಗಿಂತ ಬಹಳ ಕೆಳಗೆ. ಬಾವಿಗಳ ನೀರಿನ ಮಟ್ಟ ಅಳೆಯುವ ಸಹಾಯಕರು. ತಾಳ್ಯದ ಕಡೆ ಕುರಿ ಸಾಕುವ ಮನೆತನ. ಹೊಳಲ್ಕೆರೆ, ಹೊಸದುರ್ಗದ ವೀಕ್ಷಣಾ ಬಾವಿಗಳನ್ನೆಲ್ಲ ತೋರಿಸಿ ನನಗೆ ಕೆಲಸ ಕಲಿಸಿದವರು ಅವರೇ. ನಾನು ಪುಸ್ತಕದ್ದನ್ನು ಹೇಳಿದರೆ ತಾಳ್ಮೆಯಿಂದ ಕೇಳಿ, ಕೊನೆಗೆ ಒಂದೇ ಮಾತು ಹೇಳುತ್ತಿದ್ದರು: "ಇರೋವಷ್ಟು ಬರೀರಿ ಮೇಡಂ. ಬೇಕಾದಷ್ಟು ಬರೀಬ್ಯಾಡ್ರಿ."

ದೇಶದಲ್ಲಿ ಅಂತರ್ಜಲ ಎಷ್ಟಿದೆ, ಇನ್ನೆಷ್ಟು ತೆಗೆಯಬಹುದು ಎಂದು ಲೆಕ್ಕ ಹಾಕುವ ವರ್ಷ ಬಂತು. ನಮ್ಮಂಥ ಕಚೇರಿಗಳ ಹಾಳೆಗಳೇ ಆ ಲೆಕ್ಕದ ಬುಡ. ಆ ಬೇಸಿಗೆ ರಾಮಗಿರಿ ಕಡೆ ಹೋದೆವು. ಒಂದಾದ ಮೇಲೊಂದು ಬಾವಿಯಲ್ಲಿ ಟೇಪು ತಳ ಮುಟ್ಟಿ ಒಣಗಿಯೇ ಮೇಲೆ ಬಂತು. ಅವರು ಪ್ರತಿ ಸಲವೂ 'ಬತ್ತಿದೆ' ಎಂದು ಬರೆದು, ಪಕ್ಕದಲ್ಲಿ ಬಾವಿಯ ಆಳವನ್ನೂ ಬರೆದರು.

ಮೇಲಧಿಕಾರಿ ಹಾಳೆ ನೋಡಿ ನನ್ನನ್ನು ಕರೆಸಿದರು. ನೀರೇ ಇಲ್ಲದ ಬಾವಿಗೆ ನೀರಿನ ಮಟ್ಟ ಎಲ್ಲಿಂದ ಬರುತ್ತದೆ, ಅವನ್ನು ಸರಾಸರಿಯಿಂದ ತೆಗೆದುಬಿಡಿ ಎಂದರು. ತೆಗೆದೆ. ಉಳಿದದ್ದು ಕೆರೆಗಳ ಕೆಳಗಿದ್ದ, ನೀರು ಆರದ ಬಾವಿಗಳು. ಸರಾಸರಿ ಹಿಂದಿನ ವರ್ಷಕ್ಕಿಂತ ಚೆನ್ನಾಯಿತು. ಹೊಸ ಕೊಳವೆಬಾವಿಗೆ ಅನುಮತಿ ನಿಲ್ಲಬೇಕಿದ್ದ ಊರುಗಳು 'ಸುರಕ್ಷಿತ' ಎಂಬ ಪಟ್ಟಿ ಸೇರಿದವು.

ನನ್ನ ಜೊತೆ ಬಾವಿ ಅಳೆದಿದ್ದ ಅವರು ಆ ಹಾಳೆಯನ್ನು ಎರಡು ಸಲ ಓದಿದರು.

"ಸತ್ತೋರ್ನ ಬಿಟ್ಟು ಊರಿನ ಆರೋಗ್ಯ ನೋಡ್ದಂಗಾತು," ಎಂದರು.

ಮೇಲಿನವರ ಮಾತು, ನಾನೇನು ಮಾಡಲಿ ಎಂದೆ.

"ಸಹಿ ನಿಮ್ದಲ್ವೇನ್ರಿ?"

ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಸಹಿ ಹಾಕಿದೆ. ಅವರು ಬತ್ತಿದ ಬಾವಿಗಳ ಪಟ್ಟಿಯನ್ನು ತಮ್ಮ ಕೈಯಾರೆ ಬರೆದು ನೇರವಾಗಿ ಮೇಲಿನ ಕಚೇರಿಗೆ ಕಳಿಸಿದರು. ಅದಕ್ಕೆ ಉತ್ತರ ಬರಲಿಲ್ಲ. ಅವರನ್ನು ಟಪಾಲು ವಿಭಾಗಕ್ಕೆ ಹಾಕಿದ ಆದೇಶ ಬಂತು. ಮೂವತ್ತು ವರ್ಷ ಬಾವಿ ಅಳೆದ ಕೈ ನಿವೃತ್ತಿಯವರೆಗೂ ಲಕೋಟೆಗಳಿಗೆ ನಂಬರು ಹಾಕಿತು. ನನಗೆ ಬಡ್ತಿ ಸಿಕ್ಕಿತು; ಹೊಸ ಕೊಳವೆಬಾವಿಗಳ ಅನುಮತಿ ಪತ್ರಗಳಿಗೂ ನಾನೇ ಸಹಿ ಹಾಕತೊಡಗಿದೆ. ಮೆಟ್ಟಿಲ ಬಳಿ ಎದುರಾದರೆ, ಊಟ ಆತೇನ್ರಿ ಎಂದು ಮೊದಲಿನ ಹಾಗೆಯೇ ಕೇಳುತ್ತಿದ್ದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಆ ಉಪಕಾರವನ್ನು ಅವರು ಮಾಡಲಿಲ್ಲ.

ಹೋದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಸುದ್ದಿ ತಿಳಿದು ಬೆಳಿಗ್ಗೆಯೇ ಅವರ ಊರಿಗೆ ಹೋದೆ. ಊರಿನ ಕುಡಿಯುವ ನೀರಿನ ಕೊಳವೆಬಾವಿ ನಿಂತು ವರ್ಷವಾಗಿತ್ತು. ಸುತ್ತಲಿನ ತೋಟಗಳಲ್ಲಿ ಕೊರೆಸಿದ ಹೊಸ ಬಾವಿಗಳು ಅದಕ್ಕಿಂತ ಎಷ್ಟೋ ಆಳಕ್ಕೆ ಇಳಿದಿದ್ದವು. ಹೆಣಕ್ಕೆ ನೀರೆರೆಯಲು ಮನೆಯಲ್ಲಿ ನೀರು ಸಾಲದೆ, ಹಿತ್ತಿಲ ಆಚೆಯ ತೋಟದಿಂದ ಪೈಪು ಎಳೆದರು. ಆ ತೋಟದ ಬಾವಿಯ ಅನುಮತಿ ಪತ್ರದಲ್ಲಿ ಇದ್ದದ್ದು ನನ್ನದೇ ಸಹಿ. ಅಲ್ಲಿದ್ದ ಯಾರಿಗೂ ಅದು ಗೊತ್ತಿರಲಿಲ್ಲ.

ಅವರ ಹೆಂಡತಿ ನನ್ನ ಗುರುತು ಹಿಡಿದು, ತಾವೇ ಒಂದು ಚೊಂಬು ತುಂಬಿ ನನ್ನ ಕೈಗೆ ಕೊಟ್ಟರು. "ಜೊತೀಗೆ ತಿರುಗಿದೋರು ನೀವು. ನೀವೂ ಒಂದು ಚೊಂಬು ಹಾಕ್ರಿ," ಎಂದರು.

ಹಾಕಿದೆ. ಯಾರೂ ಕಾಯಿಸದಿದ್ದರೂ ನೀರು ಬೆಚ್ಚಗಿತ್ತು. ತೀರಾ ಆಳದಿಂದ ಬರುವ ನೀರು ಹಾಗೆಯೇ ಇರುತ್ತದೆ ಎಂದು ನನಗೆ ಕಲಿಸಿದವರು ಅವರೇ.