ಒಲೆ ಆಕ್ತೀನಿ, ತಾತಾ!

ಹಳೇ ಪ್ಲಗ್ಗು ಕಾದಾಗ ಬರುವ ವಾಸನೆ ನಿಮಗೂ ಗೊತ್ತಿರಬೇಕು. ಹೋದ ತಿಂಗಳು ಬೆಂಗಳೂರಿನ ನಮ್ಮ ಹ್ಯಾಂಗರಿನಲ್ಲಿ ಅದು ಮೂಗಿಗೆ ಬಡಿಯಿತು. ಯಾರೋ ಸಾಹುಕಾರರ ಸ್ವಂತ ವಿಮಾನ, ವಯಸ್ಸಾದದ್ದು, ಹೊಸದಾಗಿ ಸಿಂಗರಿಸಿಕೊಳ್ಳಲು ಬಂದಿತ್ತು. ಬಂಗಾರಪೇಟೆಯಿಂದ ದಿನಾ ರೈಲು ಹಿಡಿದು ಅಲ್ಲಿಗೆ ಹೋಗುವ ನನ್ನ ಕೆಲಸವೆಂದರೆ, ಇಂಥ ವಿಮಾನ ಎಷ್ಟು ಕರೆಂಟಿನ ಭಾರ ತಡೆದೀತು ಎಂದು ಲೆಕ್ಕ ಹಾಕಿ ರುಜು ಮಾಡುವುದು. "ಅಂದ್ರೆ ವಿಮಾನದ ಲೈನ್‌ಮನ್ನು" ಎನ್ನುತ್ತಾಳೆ ಹೆಂಡತಿ. ತಿದ್ದಲು ಹೋಗಿಲ್ಲ.

ಸಾಹುಕಾರರ ಕಡೆಯಿಂದ ಬಂದ ಮೇಡಂ ಪಟ್ಟಿ ತಂದಿದ್ದರು: ಓವನ್ನು, ಕಾಫಿ ಮಷೀನು, ದೊಡ್ಡ ಟೀವಿ. ವಿಮಾನಕ್ಕಿರುವುದು ಎರಡು ಜನರೇಟರು. ಒಂದು ಕೈಕೊಟ್ಟರೆ ಇನ್ನೊಂದೇ ಎಲ್ಲ ಹೊರಬೇಕು. ಓವನ್ನೂ ಕಾಫಿ ಮಷೀನೂ ಒಟ್ಟಿಗೆ ನಡೆದರೆ ಅದರ ಕೈಲಾಗದು ಎಂದೆ.

"ಒಟ್ಟಿಗೆ ಹಾಕಲ್ಲ ಬಿಡಿ ಸರ್, ನೆನಪಿಟ್ಕೋತೀವಿ. ನೀವು ಸೈನ್ ಮಾಡಿ," ಎಂದರು.

ನೆನಪಿಟ್ಟುಕೊಳ್ಳುವ ಮಾತು ಬಂದದ್ದೇ, ನಾನು ಮನಸ್ಸಿನಲ್ಲೇ ಊರಿಗಾಂ ಸೇರಿಬಿಟ್ಟೆ.

ಬೂದಿಕೋಟೆಯವನಾದ ನಾನು ಡಿಪ್ಲೊಮಾ ಓದುವಾಗ ಊರಿಗಾಂ ಲೈನಿನ, ಎಂದರೆ ಚಿನ್ನದ ಗಣಿಯವರ ಸಾಲುಮನೆಗಳ, ದೊಡ್ಡಮ್ಮನ ಮನೆಯಲ್ಲಿದ್ದೆ. ಅಲ್ಲಿ ಮೂರು ಮನೆಗೆ ಒಂದೇ ಫ್ಯೂಸು; ಭಾರ ಹೆಚ್ಚಾದರೆ ಸುಟ್ಟುಹೋಗುತ್ತಿತ್ತು. ಗೋಡೆಯಾಚೆ ಒಬ್ಬ ತಮಿಳು ತಾತ; ಸಂಬಂಧವೇನಿಲ್ಲ, ಇಡೀ ಲೈನಿಗೇ ತಾತ. ಗಣಿಯ ದೂಳು ಎದೆಯಲ್ಲಿ ಕೂತು, ಹೊತ್ತು ಹೊತ್ತಿಗೆ ಉಸಿರಿನ ಮಿಷಿನ್ನು ಬೇಕಾಗುತ್ತಿತ್ತು. ಹಾಗಾಗಿ ದೊಡ್ಡಮ್ಮ ಕರೆಂಟ್ ಒಲೆ ಹಾಕುವ ಮೊದಲು ಗೋಡೆಗೆ ಕೂಗಬೇಕು.

"ತಾತಾ, ಒಲೆ ಆಕ್ತೀನಿ!"

"ಇರಮ್ಮಾ, ಮಿಷಿನ್ ಓಡ್ತೈತೆ... ಆಂ, ಈಗ ಆಕು!"

ಎಸರು ಕುದಿಯುತ್ತಿದ್ದರೂ ಸರಿ, ತಾತ ಕೂಗಿದರೆ ಒಲೆ ಆರುತ್ತಿತ್ತು. "ಉಸ್ರು ಮೊದ್ಲು, ಮುದ್ದೆ ಆಮೇಲೆ" ಎನ್ನುತ್ತಿದ್ದಳು. ಗೊಣಗಾಟವನ್ನೆಲ್ಲ ನನಗೆ ಮೀಸಲಿಟ್ಟಿದ್ದಳು.

ಇದೇ ಕೆಲಸದ ಇಂಟರ್‌ವ್ಯೂ ದಿನ ಬೆಳಿಗ್ಗೆ, ತಲೆಯೆಲ್ಲ ಅಂಗಿಯ ಮೇಲೆ. ಕೂಗದೆ ಇಸ್ತ್ರಿಪೆಟ್ಟಿಗೆ ಹಾಕಿಬಿಟ್ಟೆ. ಟಪ್ಪೆಂದಿತು, ಅದೇ ವಾಸನೆ. ಗೋಡೆಯಾಚೆಯ ಗುಯ್‌ಗುಟ್ಟುವ ಸದ್ದು ನಿಂತಿತು.

"ಒಂದು ಕೂಗಾಕಕ್ಕೆ ಬಾಯಿರ್ಲಿಲ್ವೇನ್ಲಾ?" ಎಂದು ದೊಡ್ಡಮ್ಮ ಫ್ಯೂಸಿನತ್ತ ಓಡಿದಳು. ಎಲೆಕ್ಟ್ರಿಕಲ್ ಓದಿದವನು ನಾನು. ತಂತಿ ಕಟ್ಟಿದವಳು ಅವಳೇ. ನಾನು ತಾತನ ಮನೆಗೆ ನುಗ್ಗಿದೆ. ಮಂಚದ ಅಂಚು ಹಿಡಿದು, ಬಾಯಿ ತೆರೆದು ಉಸಿರಿಗೆ ಒದ್ದಾಡುತ್ತಿದ್ದರು. ಸರ್ಟಿಫಿಕೇಟಿನ ಫೈಲಿನಿಂದಲೇ ಗಾಳಿ ಹಾಕಿದೆ. ಅಷ್ಟು ಹೆದರಿದ್ದು ನಾನು ಮತ್ತೆಂದೂ ಇಲ್ಲ.

ಮಿಷಿನ್ನು ಮತ್ತೆ ಗುಯ್‌ಗುಟ್ಟಿತು. ಸ್ವಲ್ಪ ಸುಧಾರಿಸಿಕೊಂಡು, ತಾತ ನನ್ನ ಅಂಗಿಯ ಕಾಲರ್ ಮುಟ್ಟಿ ನೋಡಿದರು. ಅಂಗಿ ಅವರ ಬಾಯಲ್ಲಿ ಚೊಕ್ಕಾ.

"ಚೊಕ್ಕಾ ಸುಕ್ಕು ಓಯ್ತಾ? ಓಗಪ್ಪಾ, ರೈಲು ತಪ್ತೈತೆ."

ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ. ಆಮೇಲೂ ಹಲವು ವರ್ಷ ಇದ್ದರು ತಾತ. ಒಮ್ಮೆಯೂ ಆ ಮಾತೆತ್ತಲಿಲ್ಲ. ಈಗ ಅವರಿಲ್ಲ.

"ನೆನಪಿರಲ್ಲ ಮೇಡಂ," ಎಂದೆ. "ಮರೆತವನು ನಾನೇ."

ಅವರಿಗೆ ಅರ್ಥವಾಗಲಿಲ್ಲ. ನಾನು ಹಾಗೆಯೇ ರುಜು ಹಾಕಲೂ ಇಲ್ಲ. ಓವನ್ನಿಗೆ ಕರೆಂಟು ಕೊಟ್ಟರೆ ಕಾಫಿ ಮಷೀನಿಗೆ ಸಿಗದಂತೆ, ಒಂದು ಜನರೇಟರು ನಿಂತರೆ ಎರಡೂ ತಾವಾಗಿ ಆರುವಂತೆ ಸ್ವಿಚ್ಚಿನ ನಕ್ಷೆ ಬರೆದುಕೊಟ್ಟೆ. ಎರಡು ದಿನ ಮುನಿಸಿಕೊಂಡು ಒಪ್ಪಿದರು.

ನಿನ್ನೆ ಅದರ ಪರೀಕ್ಷೆ. ಕರೆಂಟು ಕೊಡುವ ಮುನ್ನ ಹ್ಯಾಂಗರಿನಲ್ಲಿ ಎಲ್ಲರಿಗೂ ಕೇಳುವಂತೆ ಕೂಗುವುದು ನಮ್ಮ ಪದ್ಧತಿ. ಬಾಯಿಗೆ ಬಂದದ್ದು ಮಾತ್ರ ಬೇರೆ.

"ತಾತಾ, ಆಕ್ತೀನಿ!"

ಹುಡುಗರೆಲ್ಲ ತಿರುಗಿ ನೋಡಿದರು. ನಾನು ಸ್ವಿಚ್ಚಿನ ಮೇಲೆ ಕೈಯಿಟ್ಟು, ಅತ್ತಲಿಂದ ಉತ್ತರ ಬರುವಷ್ಟು ಹೊತ್ತು ಕಾದೆ. ಆಮೇಲೆ ಹಾಕಿದೆ.